ಆ ಪಟ್ಟಿಯಲ್ಲಿರುವ ಎರಡು ಕೋಟಿ ಮಂದಿಗೆ



ಯಾವ ಪಟ್ಟಿ ಎಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ಮರೆತವರಿದ್ದೀರಿ, ಯಾರೂ ಹೇಳದ ಕಾರಣ ಗೊತ್ತೇ ಆಗದವರೂ ಇದ್ದೀರಿ. ಹಾಗಾಗಿ ಮೊದಲಿಂದಲೇ ಹೇಳುತ್ತೇನೆ.

2020ರ ಅಕ್ಟೋಬರ್ ಕೊನೆ. ಕೊರೊನಾ ಹೆದರಿಕೆಗೆ ಬೀದಿ ಕೊನೆಯ ಅಂಗಡಿಗೂ ಹೋಗದೆ ಅಕ್ಕಿ, ಬೇಳೆ, ಸೊಪ್ಪು, ಮೊಸರು ಎಲ್ಲವನ್ನೂ ಫೋನಿನಲ್ಲೇ ತರಿಸುತ್ತಿದ್ದ ಕಾಲ. ಸೈಬಲ್ ಎಂಬ ಸೈಬರ್ ಭದ್ರತಾ ಸಂಸ್ಥೆಗೆ ಡಾರ್ಕ್ ವೆಬ್ಬಿನಲ್ಲಿ ಒಂದು ಮಾರಾಟದ ಜಾಹೀರಾತು ಸಿಕ್ಕಿತು. ಮಾರಾಟಕ್ಕಿದ್ದದ್ದು ನಮ್ಮ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಗ್ರಾಹಕರ ಕಡತ. ಗಾತ್ರ ಸುಮಾರು 15 ಜಿಬಿ, ಒಳಗಿದ್ದವರು ಹತ್ತಿರಹತ್ತಿರ ಎರಡು ಕೋಟಿ ಜನ, ಬೆಲೆ 40,000 ಡಾಲರಿಗೂ ಮೇಲೆ, ಅಂದರೆ ಆಗಿನ ಲೆಕ್ಕಕ್ಕೆ ಸುಮಾರು 30 ಲಕ್ಷ ರೂಪಾಯಿ. ಭಾಗಿಸಿ ನೋಡಿ: ತಲೆಗೆ ಹದಿನೈದು ಪೈಸೆ. ನವೆಂಬರಿನಲ್ಲಿ ಸುದ್ದಿ ಹೊರಬಿತ್ತು, ಕಂಪನಿ ಬೆಂಗಳೂರಿನ ಸೈಬರ್ ಅಪರಾಧ ವಿಭಾಗಕ್ಕೆ ದೂರು ಕೊಟ್ಟಿತು. 2021ರ ಏಪ್ರಿಲ್‌ನಲ್ಲಿ ಶೈನಿಹಂಟರ್ಸ್ ಎಂದು ಹೆಸರಿಟ್ಟುಕೊಂಡವರು ಅದೇ ಕಡತವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಪುಕ್ಕಟೆ ಹರಿಯಬಿಟ್ಟರು. ಹದಿನೈದು ಪೈಸೆಯ ಬೆಲೆಯೂ ಹೋಯಿತು.

ಒಳಗೆ ಏನಿತ್ತು? ಹೆಸರು, ಇ-ಮೇಲ್, ಮೊಬೈಲ್ ನಂಬರ್, ಮನೆಯ ವಿಳಾಸ, ಹುಟ್ಟಿದ ದಿನಾಂಕ, ಯಾವ ಐಪಿ ವಿಳಾಸದಿಂದ ಲಾಗಿನ್ ಆಗಿದ್ದೀರಿ ಎಂಬುದು, ಮತ್ತು ಹ್ಯಾಶ್ ಮಾಡಿದ ಪಾಸ್‌ವರ್ಡ್.

ಕಂಪನಿ ಆಗ ಕೊಟ್ಟ ಹೇಳಿಕೆಯಲ್ಲಿ ಒಂದು ಸಮಾಧಾನದ ಮಾತಿತ್ತು: ನಾವು ಕ್ರೆಡಿಟ್ ಕಾರ್ಡ್ ನಂಬರಿನಂಥ ಹಣಕಾಸಿನ ವಿವರ ಇಟ್ಟುಕೊಳ್ಳುವುದಿಲ್ಲ, ಅದೆಲ್ಲ ಸುರಕ್ಷಿತ. ಇದು ಸುಳ್ಳಲ್ಲ. ಮುಂದಿನ ವರ್ಷ ಡಾಮಿನೋಸ್‌ನ 18 ಕೋಟಿ ಆರ್ಡರುಗಳ ವಿವರ ಸೋರಿದಾಗ ಅದನ್ನು ನಡೆಸುವ ಕಂಪನಿಯೂ ಇದೇ ಮಾತು ಆಡಿತು. ಸೋರಿಕೆಯಾದ ಮರುದಿನ ಬರುವ ಪತ್ರಿಕಾ ಪ್ರಕಟಣೆಗೆ ಇದು ಈಗ ಪಲ್ಲವಿಯಾಗಿಬಿಟ್ಟಿದೆ. ನನ್ನ ತಕರಾರು ಇರುವುದು ಇಲ್ಲಿಯೇ. ಕಾರ್ಡ್ ನಂಬರ್ ಸೋರಿದ್ದರೆ ಬ್ಯಾಂಕಿಗೆ ಒಂದು ಫೋನ್ ಮಾಡಿ ಹಳೆಯದನ್ನು ಬ್ಲಾಕ್ ಮಾಡಿಸಬಹುದಿತ್ತು, ವಾರದೊಳಗೆ ಹೊಸದು ಮನೆಗೆ ಬರುತ್ತಿತ್ತು. ಹುಟ್ಟಿದ ದಿನಾಂಕವನ್ನು ಯಾವ ಬ್ಯಾಂಕಿಗೆ ಹೇಳಿ ಬದಲಾಯಿಸೋಣ? ಅಪ್ಪ ಕಟ್ಟಿಸಿದ ಮನೆಯ ವಿಳಾಸವನ್ನು? ಇಪ್ಪತ್ತು ವರ್ಷದಿಂದ ನೆಂಟರು, ಶಾಲೆ, ಎಲ್‌ಐಸಿ ಏಜೆಂಟ್, ಗ್ಯಾಸ್ ಏಜೆನ್ಸಿ ಎಲ್ಲರ ಹತ್ತಿರವೂ ಇರುವ ಮೊಬೈಲ್ ನಂಬರನ್ನು? ಸುಲಭವಾಗಿ ಬದಲಾಯಿಸಬಹುದಾದದ್ದು ಉಳಿಯಿತು, ಬದಲಾಯಿಸಲಾಗದ್ದು ಹೋಯಿತು. ಇದರಲ್ಲಿ ಸಮಾಧಾನಪಡುವಂಥದ್ದು ನನಗಂತೂ ಕಾಣುವುದಿಲ್ಲ.

ಇಷ್ಟು ವರ್ಷದ ಮೇಲೆ ಈ ಕಾಗದ ಯಾಕೆ ಎಂದರೆ, ಇಂಥ ಪಟ್ಟಿಗಳಿಗೆ ಮುಪ್ಪಿಲ್ಲ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕದ್ದ ಪಾಸ್‌ವರ್ಡ್‌ಗಳು ಮೊದಲು ಕಂಡಾಗ ಸುಮಾರು 65 ಲಕ್ಷ ಎಂದುಕೊಂಡಿದ್ದರು. ನಾಲ್ಕು ವರ್ಷ ಕಳೆದು 2016ರಲ್ಲಿ ಅದೇ ಕಳ್ಳತನದ 11.7 ಕೋಟಿ ಪಾಸ್‌ವರ್ಡ್‌ಗಳು ಮಾರಾಟಕ್ಕೆ ಬಂದವು. ಡ್ರಾಪ್‌ಬಾಕ್ಸ್‌ನದೂ ಹಾಗೆಯೇ. ಬೇರೆ ತಾಣಗಳಿಂದ ಕದ್ದ ಪಾಸ್‌ವರ್ಡ್ ಹಾಕಿ ಅಲ್ಲಿನ ಉದ್ಯೋಗಿಯೊಬ್ಬರ ಖಾತೆಗೆ ಯಾರೋ ಹೊಕ್ಕಿದ್ದಾರೆ ಎಂದು ಕಂಪನಿ 2012ರಲ್ಲೇ ಒಪ್ಪಿಕೊಂಡಿತ್ತು, 6.8 ಕೋಟಿ ಖಾತೆಗಳ ವಿವರ ಹೊರಗಿದೆ ಎಂಬುದು ಜನಕ್ಕೆ ತಿಳಿದದ್ದು 2016ರಲ್ಲಿ. ಕದ್ದವನು ಮೊದಲು ಗುಟ್ಟಾಗಿ ಬಳಸುತ್ತಾನೆ, ಆಮೇಲೆ ಮಾರುತ್ತಾನೆ, ಮಾರಿ ಸಾಕಾದ ಮೇಲೆ ಹೆಸರಿಗಾಗಿ ಹಂಚುತ್ತಾನೆ. ಹಂಚಿದ್ದನ್ನು ಇನ್ನೊಬ್ಬ ಬೇರೆ ಪಟ್ಟಿಗಳ ಜೊತೆ ಜೋಡಿಸುತ್ತಾನೆ. ದಿನಸಿ ಪಟ್ಟಿಯಲ್ಲಿ ವಿಳಾಸ, ಪಿಜ್ಜಾ ಪಟ್ಟಿಯಲ್ಲಿ ಅದೇ ನಂಬರಿನ ಇನ್ನೊಂದು ವಿಳಾಸ, ವಿಮಾನದ ಪಟ್ಟಿಯಲ್ಲಿ ಪಾಸ್‌ಪೋರ್ಟ್ ವಿವರ. 2021ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಕೂಡ 45 ಲಕ್ಷ ಪ್ರಯಾಣಿಕರ ವಿವರ ಸೋರಿದೆ ಎಂದಿತ್ತು, ನೆನಪಿರಬಹುದು. ಒಂದೊಂದು ಪಟ್ಟಿಯೂ ಬಿಡಿಯಾಗಿ ಅರೆಬರೆ. ಮೂರು ಸೇರಿದರೆ ನೀವು ಪೂರ್ತಿ.

ಪಾಸ್‌ವರ್ಡಿನ ಮಾತಿಗೆ ಬರೋಣ. ಹ್ಯಾಶ್ ಎಂದರೆ ಪಾಸ್‌ವರ್ಡನ್ನು ಗಣಿತದ ಗ್ರೈಂಡರಿಗೆ ಹಾಕಿ ರುಬ್ಬಿ ತೆಗೆದ ಅಕ್ಷರಗಳ ಸಾಲು. ದೋಸೆಹಿಟ್ಟಿನಿಂದ ಅಕ್ಕಿ, ಉದ್ದನ್ನು ಮತ್ತೆ ಬೇರ್ಪಡಿಸಲು ಬರುವುದಿಲ್ಲ. ಹ್ಯಾಶಿನಿಂದ ಪಾಸ್‌ವರ್ಡೂ ಮರಳಿ ಬರುವುದಿಲ್ಲ. ಆದರೆ ಕಳ್ಳನಿಗೆ ಅದರ ಅಗತ್ಯವಿಲ್ಲ. ಅವನೂ ಅದೇ ಗ್ರೈಂಡರ್ ತಂದು ಜನ ಸಾಮಾನ್ಯವಾಗಿ ಇಡುವ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ರುಬ್ಬುತ್ತಾನೆ, ಯಾರ ಹಿಟ್ಟಿಗೆ ಹೊಂದಿತು ಎಂದು ನೋಡುತ್ತಾನೆ. ಬಿಗ್‌ಬಾಸ್ಕೆಟ್ ಬಳಸಿದ್ದ ಗ್ರೈಂಡರಿನ ಹೆಸರು ಎಸ್‌ಎಚ್‌ಎ-1. ಅದು 1995ರದ್ದು, ಮತ್ತು ವೇಗವಾಗಿ ಓಡಲೆಂದೇ ಮಾಡಿದ್ದು. ಆಟ ಆಡುವ ಹುಡುಗರ ಕಂಪ್ಯೂಟರಿನಲ್ಲಿರುವಂಥ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಸಲ ಹೀಗೆ ರುಬ್ಬುತ್ತದೆ. ಬೇಕೆಂದೇ ನಿಧಾನವಾಗಿ ಓಡುವ ಬಿಕ್ರಿಪ್ಟ್ ಎಂಬ ಗ್ರೈಂಡರ್ 1999ರಿಂದಲೇ ಇತ್ತು. 2020ರಲ್ಲೂ ಹಳೆಯದನ್ನೇ ಓಡಿಸುತ್ತಿದ್ದರು. ಕಡತ ಪುಕ್ಕಟೆಯಾದ ಕೆಲವೇ ದಿನಗಳಲ್ಲಿ, ಅದನ್ನು ಇಳಿಸಿಕೊಂಡ ಒಬ್ಬ 20 ಲಕ್ಷ ಪಾಸ್‌ವರ್ಡ್ ಬಿಡಿಸಿದ್ದೇನೆ ಎಂದು ಹೇಳಿಕೊಂಡ; ಇನ್ನೊಬ್ಬ, ‘ಪಾಸ್‌ವರ್ಡ್’ ಎಂಬುದನ್ನೇ ಪಾಸ್‌ವರ್ಡ್ ಮಾಡಿಕೊಂಡವರು ಏಳು ಲಕ್ಷ ಮಂದಿ ಎಂದ. ಕಳ್ಳರ ಲೆಕ್ಕಕ್ಕೆ ಆಡಿಟ್ ಇರುವುದಿಲ್ಲ. ಆದರೆ ನಮ್ಮ ಜನರನ್ನು ಬಲ್ಲವರಿಗೆ ಆ ಅಂಕಿ ನಂಬಲಾಗದ್ದು ಎಂದೇನೂ ಅನಿಸುವುದಿಲ್ಲ.

ದಿನಸಿ ಖಾತೆಯ ಪಾಸ್‌ವರ್ಡ್ ತಾನೇ, ಹೋದರೆ ಹೋಗಲಿ, ನನ್ನ ಹೆಸರಲ್ಲಿ ಯಾರೋ ಬೆಂಡೆಕಾಯಿ ತರಿಸಿಕೊಂಡಾನು ಎನ್ನುವವರಿದ್ದೀರಿ. ಸ್ವಲ್ಪ ನಿಲ್ಲಿ. ಪಟ್ಟಿಯಲ್ಲಿ ನಿಮ್ಮ ಇ-ಮೇಲ್ ವಿಳಾಸವಿದೆ, ಪಕ್ಕದಲ್ಲಿ ಬಿಡಿಸಿದ ಪಾಸ್‌ವರ್ಡ್ ಇದೆ. ಕಳ್ಳ ಮಾಡುವ ಮೊದಲ ಕೆಲಸ ಆ ಜೋಡಿಯನ್ನು ಇ-ಮೇಲ್ ಖಾತೆಗೇ ಹಾಕಿ ನೋಡುವುದು. ಎರಡೂ ಕಡೆ ಒಂದೇ ಪಾಸ್‌ವರ್ಡ್ ಇದ್ದರೆ ಬಾಗಿಲು ತೆರೆಯಿತು. ಒಳಗೆ ಏನಿದೆ? ಹುಡುಕುವ ಜಾಗದಲ್ಲಿ ‘ಆಧಾರ್’ ಎಂದು ಹೊಡೆದರೆ ಸಾಕು. ಝೆರಾಕ್ಸ್ ಅಂಗಡಿಗೆ ಪ್ರಿಂಟ್ ತೆಗೆಯಲು ಯಾವಾಗಲೋ ಕಳಿಸಿದ ಇ-ಆಧಾರ್ ಪಿಡಿಎಫ್ ‘ಸೆಂಟ್’ ಫೋಲ್ಡರಿನಲ್ಲಿ ಕೂತಿರುತ್ತದೆ. ಅದಕ್ಕೂ ಪಾಸ್‌ವರ್ಡ್ ಇದೆಯಲ್ಲ ಎನ್ನುತ್ತೀರಿ. ಇದೆ. ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದರ ಮುಂದೆ ಹುಟ್ಟಿದ ಇಸವಿ. ಎಷ್ಟೋ ಬ್ಯಾಂಕುಗಳ ಸ್ಟೇಟ್‌ಮೆಂಟಿಗೂ ಹೆಸರು ಮತ್ತು ಹುಟ್ಟಿದ ದಿನಾಂಕ ಬೆರೆಸಿದ ಇಂಥದೇ ಸೂತ್ರ. ಆದಾಯ ತೆರಿಗೆಯ ಪಿಡಿಎಫ್‌ಗಳಿಗೆ ಪ್ಯಾನ್ ಮತ್ತು ಹುಟ್ಟಿದ ದಿನಾಂಕ. ಇಡೀ ದೇಶವೇ ಹುಟ್ಟಿದ ದಿನಾಂಕವನ್ನು ಬೀಗದ ಕೈ ಮಾಡಿಕೊಂಡಿದೆ, ಆ ಬೀಗದ ಕೈಯನ್ನು ತರಕಾರಿ ಮಾರುವವರೂ ಕೇಳಿ ಬರೆದಿಟ್ಟುಕೊಳ್ಳುತ್ತಾರೆ. ಹುಟ್ಟುಹಬ್ಬಕ್ಕೆ ಹತ್ತು ಪರ್ಸೆಂಟ್ ರಿಯಾಯಿತಿ ಸಿಗುತ್ತದೆಂದು ನಾವೂ ಕೊಡುತ್ತೇವೆ.

ಒಂದು ಪಾಸ್‌ವರ್ಡ್ ಎರಡು ಕಡೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಜೊಮ್ಯಾಟೊ ಕಥೆಗಿಂತ ಒಳ್ಳೆಯ ಪಾಠವಿಲ್ಲ. 2017ರ ಮೇ ತಿಂಗಳಲ್ಲಿ ಅದರ 1.7 ಕೋಟಿ ಬಳಕೆದಾರರ ವಿವರ ಕಳುವಾಯಿತು. ಹೇಗಾಯಿತು ಎಂದು ಕಂಪನಿ ಆಮೇಲೆ ಬಹಿರಂಗವಾಗಿ ಬರೆಯಿತು, ಅದನ್ನು ಮೆಚ್ಚಲೇಬೇಕು. 2015ರಲ್ಲಿ 000ವೆಬ್‌ಹೋಸ್ಟ್ ಎಂಬ ಪುಕ್ಕಟೆ ವೆಬ್‌ಸೈಟ್ ಸೇವೆಯ ಪಟ್ಟಿ ಸೋರಿತ್ತು. ಜೊಮ್ಯಾಟೊದ ಒಬ್ಬ ಡೆವಲಪರಿನ ಪಾಸ್‌ವರ್ಡ್ ಅದರಲ್ಲಿತ್ತು. ಅದೇ ಪಾಸ್‌ವರ್ಡನ್ನು ಅವರು ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲೂ ಇಟ್ಟಿದ್ದರು. ಅಲ್ಲಿಂದ ಕಂಪನಿಯ ಕೋಡ್ ಸಿಕ್ಕಿತು, ಕೋಡಿನಲ್ಲಿದ್ದ ದೋಷ ಹಿಡಿದು ಒಳಗೆ ದಾರಿಯಾಯಿತು. ಕೋಡ್ ಬರೆಯುವುದೇ ಕಸುಬಾದವರ ಕಥೆ ಇದು. ಮನೆಯಲ್ಲಿ ಅಜ್ಜಿಯ ಫೋನಿಗೆ ಪಾಸ್‌ವರ್ಡ್ ಇಟ್ಟುಕೊಟ್ಟು ‘ಎಲ್ಲಾ ಕಡೆ ಇದೇ ಹಾಕು ಅಜ್ಜಿ, ಮರೆಯಲ್ಲ’ ಎನ್ನುವ ಮೊಮ್ಮಕ್ಕಳನ್ನು ಬೈದು ಪ್ರಯೋಜನವಿಲ್ಲ.

ಈಗ ಮಾಡಬೇಕಾದ್ದು. ಬದಲಾಯಿಸಲಾಗದ್ದನ್ನು ಚಿಂತಿಸುತ್ತ ಕೂರುವುದು ಬಿಟ್ಟು, ಬದಲಾಯಿಸಬಹುದಾದದ್ದನ್ನು ಅದರಿಂದ ಬಿಡಿಸಿ ದೂರ ಇಡಬೇಕು. ಅಂದರೆ ನಿಮ್ಮ ಯಾವ ಖಾತೆಯೂ ನಿಮ್ಮ ಹೆಸರು, ಹುಟ್ಟಿದ ದಿನ, ಫೋನ್ ನಂಬರ್ ಗೊತ್ತಿರುವ ಮಾತ್ರಕ್ಕೆ ತೆರೆಯಬಾರದು.

ಶುರು ಮಾಡಬೇಕಾದ್ದು ಇ-ಮೇಲ್‌ನಿಂದ, ಬ್ಯಾಂಕಿನಿಂದ ಅಲ್ಲ. ‘ಪಾಸ್‌ವರ್ಡ್ ಮರೆತಿರಾ’ ಎಂಬ ಗುಂಡಿ ಒತ್ತಿದರೆ ಬಹುತೇಕ ಎಲ್ಲ ಸೇವೆಗಳೂ ಕೊನೆಗೆ ಕಾಗದ ಹಾಕುವುದು ಅಲ್ಲಿಗೇ. ಇ-ಮೇಲ್‌ಗೆ ಬೇರೆಲ್ಲೂ ಬಳಸದ, ಉದ್ದವಾದ ಪಾಸ್‌ವರ್ಡ್ ಇಡಿ. ಉದ್ದ ಮುಖ್ಯ, ವಿಚಿತ್ರ ಚಿಹ್ನೆಗಳಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಕೂಡಿಸಿದರೆ ಸಾಕು. ಊರ ದೇವರ ಹೆಸರು, ಮಕ್ಕಳ ಹೆಸರು, ಸಿನಿಮಾ ಹಾಡಿನ ಸಾಲು ಬೇಡ, ಅವೆಲ್ಲ ಕಳ್ಳನ ಊಹೆಯ ಪಟ್ಟಿಯಲ್ಲಿ ಮೊದಲೇ ಇರುತ್ತವೆ. ನೆನಪಿಡಲು ಆಗುವುದಿಲ್ಲವೇ, ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಅದು ಒಗ್ಗದಿದ್ದರೆ ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡಿ. ಬರೆದಿಡಲೇಬಾರದು ಎಂದು ಆಫೀಸಿನ ಐಟಿ ವಿಭಾಗದವರು ಹೆದರಿಸಿರುತ್ತಾರೆ. ಆಫೀಸಿನ ಮಾನಿಟರಿಗೆ ಚೀಟಿ ಅಂಟಿಸುವವರಿಗೆ ಆ ಮಾತು ಸರಿ. ಎಲ್ಲೋ ಸಮುದ್ರದಾಚೆ ಕೂತು ಪಟ್ಟಿ ಇಳಿಸಿಕೊಂಡವನು ನಿಮ್ಮ ಮನೆಯ ಗೋದ್ರೆಜ್ ಬೀರು ತೆಗೆಯಲಾರ. ಮನೆಯೊಳಗಿನವರಿಂದಲೇ ಭಯವಿರುವವರಿಗೆ ಮಾತ್ರ ಈ ಸಲಹೆ ಸಲ್ಲದು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಬಹಳ ಜನ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಒಳಗೆ ಕೂತವನು ಕೆಲವು ಸೇವೆಗಳಲ್ಲಿ ಹಾಗೇ ಕೂತಿರುತ್ತಾನೆ. ಸೆಟ್ಟಿಂಗ್ಸಿಗೆ ಹೋಗಿ ಯಾವ ಯಾವ ಫೋನ್, ಕಂಪ್ಯೂಟರಿನಲ್ಲಿ ಲಾಗಿನ್ ಆಗಿದೆ ನೋಡಿ, ಎಲ್ಲದರಿಂದಲೂ ಸೈನ್ ಔಟ್ ಮಾಡಿ. ನಿಮ್ಮ ಮೇಲ್ ತಾನಾಗಿ ಬೇರೆ ವಿಳಾಸಕ್ಕೆ ಹೋಗುವಂತೆ ಯಾರಾದರೂ ಫಾರ್ವರ್ಡಿಂಗ್ ಇಟ್ಟಿದ್ದಾರೆಯೇ, ಬ್ಯಾಂಕಿನ ಮೇಲ್‌ಗಳನ್ನು ಬಂದ ಕೂಡಲೇ ಕಸಕ್ಕೆ ಹಾಕುವ ಫಿಲ್ಟರ್ ಮಾಡಿದ್ದಾರೆಯೇ ನೋಡಿ. ಇದು ಕಳ್ಳರ ಹಳೆಯ ಚಾಳಿ: ಹೋಗುವಾಗ ಹಿತ್ತಿಲ ಬಾಗಿಲಿನ ಅಗಳಿ ತೆಗೆದಿಟ್ಟು ಹೋಗುತ್ತಾರೆ.

ರಿಕವರಿ ನಂಬರ್ ಎಂದು ಹತ್ತು ವರ್ಷದ ಹಿಂದೆ ಕೊಟ್ಟ ಮೊಬೈಲ್ ಇನ್ನೂ ನಿಮ್ಮದೇ ಏನು? ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಕಂಪನಿಗಳು ಹೊಸಬರಿಗೆ ಕೊಡಬಹುದು. ಆ ಹೊಸಬ ಸಾಧುವೇ ಇರಬಹುದು, ಆದರೂ ನಿಮ್ಮ ಖಾತೆಯ ಒಟಿಪಿ ಅವನ ಕಿಸೆಗೆ ಬರುತ್ತದೆ. ಊರು ಬಿಟ್ಟು ಬೇರೆ ದೇಶಕ್ಕೆ ಹೋಗಿ ಹಳೆಯ ಸಿಮ್ ರೀಚಾರ್ಜ್ ಮಾಡದೆ ಬಿಟ್ಟವರು ಇದನ್ನು ಇವತ್ತೇ ನೋಡಬೇಕು.

ಒಟಿಪಿ ಎಂದೆ. ಈಗ ಎಷ್ಟೋ ಸೇವೆಗಳಂತೆ ಬಿಗ್‌ಬಾಸ್ಕೆಟ್ ಕೂಡ ಪಾಸ್‌ವರ್ಡ್ ಬಿಟ್ಟು ಒಟಿಪಿಗೆ ಬಂದಿದೆ. ಇಲ್ಲದ ಪಾಸ್‌ವರ್ಡ್ ಸೋರುವುದಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಭಾರವೆಲ್ಲ ಸಿಮ್ ಮೇಲೆ ಬಿತ್ತು. ನಿಮ್ಮ ಹೆಸರು, ವಿಳಾಸ, ಹುಟ್ಟಿದ ದಿನ ಗೊತ್ತಿರುವವನು ನೀವೇ ಎಂದು ನಟಿಸಿ ನಕಲಿ ಸಿಮ್ ಪಡೆಯುವುದೇ ಸಿಮ್ ಸ್ವಾಪ್. ಸಿಮ್ ಬದಲಾಯಿಸಿದ ಮೇಲೆ ಏಳು ದಿನ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವಂತಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಜುಲೈಯಿಂದ ನಿಯಮ ತಂದಿರುವುದು ಇಂಥವರನ್ನು ತಡೆಯಲೆಂದೇ. ಇದ್ದಕ್ಕಿದ್ದಂತೆ ಫೋನಿನಲ್ಲಿ ಸಿಗ್ನಲ್ ಪೂರ್ತಿ ಹೋದರೆ, ಪಕ್ಕದವರ ಅದೇ ಕಂಪನಿಯ ಫೋನ್ ಸರಿಯಿದ್ದರೆ, ‘ಮಳೆಗೆ ಟವರ್ ಹೋಗಿರಬೇಕು’ ಎಂದು ಮಲಗಬೇಡಿ. ಬೇರೆ ಫೋನಿನಿಂದ ಮೊಬೈಲ್ ಕಂಪನಿಗೆ, ಆಮೇಲೆ ಬ್ಯಾಂಕಿಗೆ ಕರೆ ಮಾಡಿ. ಇ-ಮೇಲ್‌ಗಾದರೂ ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಇಲ್ಲವೇ ಪಾಸ್‌ಕೀ ಇಟ್ಟುಕೊಳ್ಳಿ. ಪಾಸ್‌ಕೀ ನಿಮ್ಮ ಫೋನಿನ ಬೆರಳಚ್ಚಿಗೋ ಮುಖಕ್ಕೋ ತೆರೆಯುತ್ತದೆ, ಕಂಪನಿಯ ಹತ್ತಿರ ಅದರ ಅರ್ಧ ಭಾಗ ಮಾತ್ರ ಇರುತ್ತದೆ, ಆ ಅರ್ಧ ಕದ್ದರೂ ಲಾಗಿನ್ ಆಗಲು ಬರುವುದಿಲ್ಲ.

ನೀವು ಪಟ್ಟಿಯಲ್ಲಿದ್ದೀರೋ ಇಲ್ಲವೋ ನೋಡಬೇಕೆನಿಸಿದರೆ ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ತಾಣವಿದೆ. ಅಡೋಬಿಯ ದೊಡ್ಡ ಸೋರಿಕೆಯ ಬೆನ್ನಿಗೇ, 2013ರ ಡಿಸೆಂಬರಿನಲ್ಲಿ ಟ್ರಾಯ್ ಹಂಟ್ ಎಂಬ ಆಸ್ಟ್ರೇಲಿಯಾದ ಭದ್ರತಾ ತಜ್ಞ ಶುರುಮಾಡಿದ್ದು. ಇ-ಮೇಲ್ ವಿಳಾಸ ಕೊಟ್ಟರೆ ಅದು ಯಾವ ಯಾವ ಸೋರಿಕೆಯಲ್ಲಿತ್ತು ಎಂದು ಹೇಳುತ್ತದೆ. ಬಿಗ್‌ಬಾಸ್ಕೆಟ್ ಕಡತವೂ ಅಲ್ಲಿದೆ, ಅದರ ಎಣಿಕೆಯಲ್ಲಿ ಸುಮಾರು 2.45 ಕೋಟಿ ವಿಳಾಸ. ನಿಮ್ಮ ಪಾಸ್‌ವರ್ಡ್ ಹಿಂದೆ ಸೋರಿದೆಯೇ ಎಂದೂ ನೋಡಬಹುದು. ಆಗ ಪಾಸ್‌ವರ್ಡ್ ನಿಮ್ಮ ಬ್ರೌಸರ್ ಬಿಟ್ಟು ಹೋಗುವುದಿಲ್ಲ, ಅದರ ಹ್ಯಾಶಿನ ಮೊದಲ ಐದು ಅಕ್ಷರ ಮಾತ್ರ ಹೋಗುತ್ತದೆ, ಹೊಂದುವ ನೂರಾರು ಸಾಲುಗಳು ಬರುತ್ತವೆ, ಹೋಲಿಸಿ ನೋಡುವುದು ನಿಮ್ಮ ಯಂತ್ರದಲ್ಲೇ. ಇದನ್ನು ಬಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ನಿಮ್ಮ ಡೇಟಾ ಸೋರಿದೆಯೇ, ಇಲ್ಲಿ ನೋಡಿ’ ಎಂಬ ಕೊಂಡಿಗಳನ್ನು ಮುಟ್ಟಬೇಡಿ.

ಡಾಮಿನೋಸ್ ಸೋರಿಕೆಯ ಬಗ್ಗೆ ಇನ್ನೊಂದು ಮಾತು ಬಾಕಿಯಿತ್ತು. ಕದ್ದವರು ಆ ಕಡತವನ್ನು ಸುಮ್ಮನೆ ಬಿಸಾಡಲಿಲ್ಲ, ಅದಕ್ಕೊಂದು ಹುಡುಕುವ ಪುಟ ಮಾಡಿಕೊಟ್ಟರು. ಯಾರದೇ ಮೊಬೈಲ್ ನಂಬರ್ ಹಾಕಿದರೆ ಸಾಕು, ಆ ವ್ಯಕ್ತಿ ಯಾವತ್ತು ಯಾವ ವಿಳಾಸಕ್ಕೆ ಪಿಜ್ಜಾ ತರಿಸಿದ್ದ ಎಂದು ತೋರಿಸುತ್ತಿತ್ತು. ಹೊಡೆಯುವ ಗಂಡನನ್ನು ಬಿಟ್ಟು ಬೇರೆ ಬಡಾವಣೆಯಲ್ಲಿ ಮನೆ ಮಾಡಿದ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಹೊಸ ವಿಳಾಸ ತವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಆದರೆ ನಂಬರ್ ಹಳೆಯದೇ. ಹಿಂಬಾಲಿಸಿ ಕಾಡಿದವನ ಕೈಯಿಂದ ತಪ್ಪಿಸಿಕೊಂಡು ಪಿಜಿ ಬದಲಾಯಿಸಿದ ಹುಡುಗಿಯನ್ನು ನೆನೆಸಿಕೊಳ್ಳಿ. ‘ಹಣಕಾಸಿನ ವಿವರ ಸುರಕ್ಷಿತ’ ಎಂಬ ಪ್ರಕಟಣೆಯನ್ನು ಅವರೆದುರು ಓದಿ ನೋಡಬೇಕು. ಇಂಥ ಸ್ಥಿತಿಯಲ್ಲಿರುವವರಿಗೆ ನನ್ನ ಮಾತು ಇಷ್ಟೇ: ಡೆಲಿವರಿಗೆ ಹೊಸದೊಂದು ನಂಬರ್ ಇಟ್ಟುಕೊಳ್ಳಿ, ವಿಳಾಸದಲ್ಲಿ ಮನೆಯ ಬದಲು ಹತ್ತಿರದ ಅಂಗಡಿಯನ್ನೋ ಆಫೀಸನ್ನೋ ಕೊಡಿ, ಹೆಸರು ಪೂರ್ತಿ ಬರೆಯಬೇಕಿಲ್ಲ, ಹಳೆಯ ಖಾತೆಗಳಲ್ಲಿ ಉಳಿದಿರುವ ವಿಳಾಸಗಳನ್ನು ಅಳಿಸಿ. ಪಾಸ್‌ವರ್ಡ್ ನೋಟ್‌ಬುಕ್ಕು ನಿಮಗೆ ಬೇಡ. ಫೋನಿನ ಪಿನ್ ಕೂಡ ಮನೆಯವರಿಗೆ ಗೊತ್ತಿಲ್ಲದ್ದಾಗಿರಲಿ.

ಸನ್ನಿವೇಲ್‌ನಲ್ಲೋ ಲಂಡನ್ನಿನಲ್ಲೋ ಕೂತು ಜಯನಗರದ, ಮೈಸೂರಿನ ಅಪ್ಪ-ಅಮ್ಮನಿಗೆ ದಿನಸಿ ತರಿಸಿಕೊಡುವ ಮಕ್ಕಳೇ, ನಿಮ್ಮ ದಾಖಲೆ ಬೇರೆಯವರದ್ದಕ್ಕಿಂತ ಹೆಚ್ಚು ಮಾತಾಡುತ್ತದೆ. ಲಾಗಿನ್ ಆಗಿರುವ ಐಪಿ ವಿಳಾಸ ಹೊರದೇಶದ್ದು, ಸಾಮಾನು ಇಳಿಯುವ ವಿಳಾಸ ಬೆಂಗಳೂರಿನದು. ಈ ಮನೆಯಲ್ಲಿರುವವರು ವಯಸ್ಸಾದವರು, ಮಕ್ಕಳು ದೂರ ಇದ್ದಾರೆ, ಕೈಲಿ ಕಾಸಿದೆ ಎಂದು ಓದಿಕೊಳ್ಳಲು ದೊಡ್ಡ ಬುದ್ಧಿ ಬೇಕಿಲ್ಲ. ‘ನಿಮ್ಮ ಹೆಸರಿಗೆ ಬಂದ ಕೊರಿಯರಿನಲ್ಲಿ ಮಾದಕವಸ್ತು ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಮಾಡುತ್ತಿದ್ದೇವೆ’ ಎನ್ನುವವನಿಗೆ ಬೇಕಾದ್ದು ಇಂಥ ಮನೆಯೇ. ಅವನು ವಿಳಾಸ ಸರಿಯಾಗಿ ಹೇಳುತ್ತಾನೆ, ಮಗನ ಹೆಸರು ಹೇಳುತ್ತಾನೆ, ಹುಟ್ಟಿದ ದಿನ ಹೇಳುತ್ತಾನೆ. ಇಷ್ಟೆಲ್ಲ ಗೊತ್ತಿದ್ದ ಮೇಲೆ ಪೊಲೀಸರೇ ಇರಬೇಕು ಎಂದು ಹಿರಿಯರು ನಂಬುತ್ತಾರೆ. ಅವರಿಗೆ ಮೊದಲೇ ಹೇಳಿಡಿ: ಅಪ್ಪಾ, ನಮ್ಮ ವಿವರ ಈಗ ಹತ್ತು ಜನರ ಹತ್ತಿರ ಇದೆ, ಅದನ್ನು ಹೇಳಿದವನೆಲ್ಲ ಸರ್ಕಾರದವನಲ್ಲ, ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ, ಫೋನ್ ಇಟ್ಟು ನನಗೆ ಕರೆ ಮಾಡಿ, ಎಷ್ಟು ಹೊತ್ತಾಗಿದ್ದರೂ ಸರಿ. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಬೇಕು, ಹಣ ಇನ್ನೊಂದು ಖಾತೆಗೆ ಜಾರುವ ಮುಂಚೆ ತಡೆಹಿಡಿಯಲು ಸಾಧ್ಯವಾಗುವುದು ಆಗಲೇ. ನಿಮ್ಮ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಖಾತೆಯಿಂದ ಹಣ ಹೋದರೆ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದಲ್ಲಿ ನಿಮ್ಮ ಮೇಲೆ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲೇ ಸುತ್ತೋಲೆ ಹೊರಡಿಸಿದೆ. ಒಟಿಪಿಯನ್ನು ನೀವೇ ಓದಿ ಹೇಳಿದ್ದರೆ ಕಥೆ ಬೇರೆ; ನೀವು ತಿಳಿಸುವವರೆಗಿನ ನಷ್ಟ ನಿಮ್ಮದೇ.

ಇಷ್ಟೆಲ್ಲ ಕೆಲಸವನ್ನು ನಾವೇ ಮಾಡಬೇಕೇ, ಸೋರಿಸಿದವರಿಗೆ ಏನೂ ಇಲ್ಲವೇ ಎಂದು ನೀವು ಕೇಳುವುದು ನ್ಯಾಯ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಮೊಕದ್ದಮೆಯ ಮೊದಲ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ತೀರ್ಪು ಬಂದು ಆರು ವರ್ಷಕ್ಕೆ, 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಶುರುವಾಗುವುದು ಅಲ್ಲಿಂದ 18 ತಿಂಗಳಿಗೆ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಕಾಯ್ದೆಯಲ್ಲಿ ದಂಡವೇನೋ ದೊಡ್ಡದಿದೆ: ಭದ್ರತೆ ಸರಿಯಾಗಿ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ, ಸೋರಿದ್ದನ್ನು ತಿಳಿಸದಿದ್ದರೆ 200 ಕೋಟಿವರೆಗೆ. ಆ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ. ಪಟ್ಟಿಯಲ್ಲಿರುವ ನಿಮಗೆ ಬಿಡಿಗಾಸೂ ಇಲ್ಲ. ಐಟಿ ಕಾಯ್ದೆಯ 43ಎ ಕಲಂ ಪ್ರಕಾರ ನಷ್ಟವಾದವರು ಪರಿಹಾರ ಕೇಳಲು ಒಂದು ಕಿಂಡಿಯಾದರೂ ಇತ್ತು. ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ಅದೂ ರದ್ದಾಗುತ್ತದೆ. ಸುಳ್ಳು ದೂರು ಕೊಟ್ಟ ಗ್ರಾಹಕನಿಗೆ ಮಾತ್ರ 10,000 ರೂಪಾಯಿವರೆಗೆ ದಂಡ ಎಂದು ಬರೆದಿದ್ದಾರೆ. ಅಷ್ಟಾದರೂ ನಮ್ಮನ್ನು ನೆನಪಿಟ್ಟುಕೊಂಡಿದ್ದಾರೆ.

ಆದರೂ ಆ ನಿಯಮಗಳಲ್ಲಿ ನಾವು ಹಿಡಿದು ಜಗ್ಗಬಹುದಾದ ಎರಡು ಸಂಗತಿಗಳಿವೆ. ಎರಡು ಕೋಟಿ ಅಥವಾ ಅದಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಇ-ಕಾಮರ್ಸ್ ಕಂಪನಿಗಳು, ಗ್ರಾಹಕ ಮೂರು ವರ್ಷ ಆ ಕಡೆ ತಲೆಹಾಕದಿದ್ದರೆ ಅವರ ವಿವರವನ್ನು ಅಳಿಸಬೇಕು, ಅಳಿಸುವ 48 ಗಂಟೆ ಮುಂಚೆ ತಿಳಿಸಬೇಕು. ಮೂರು ವರ್ಷ ಕಾಯುವುದು ಯಾಕೆ? ಬಳಸದ ಖಾತೆಗಳನ್ನು ನೀವೇ ಹುಡುಕಿ ಈಗಲೇ ಮುಚ್ಚಿ. ಫೋನಿನಿಂದ ಆ್ಯಪ್ ತೆಗೆದರೆ ಖಾತೆ ಹೋಗುವುದಿಲ್ಲ. ಒಳಗೆ ಹೋಗಿ ‘ಡಿಲೀಟ್ ಅಕೌಂಟ್’ ಎಂಬುದನ್ನು ಹುಡುಕಬೇಕು, ಅದನ್ನು ಬೇಕೆಂದೇ ಏಳು ಮೆನುಗಳ ಕೆಳಗೆ ಹೂತಿಟ್ಟಿರುತ್ತಾರೆ. ಸಿಗದಿದ್ದರೆ ಕುಂದುಕೊರತೆ ಅಧಿಕಾರಿಗೆ ಮೇಲ್ ಹಾಕಿ.

ಎರಡನೆಯದು, ಸೋರಿಕೆಯಾದರೆ ತಡಮಾಡದೆ ಪ್ರತಿಯೊಬ್ಬ ಬಾಧಿತರಿಗೂ ಸ್ಪಷ್ಟವಾಗಿ, ಸರಳವಾಗಿ ತಿಳಿಸಬೇಕು: ಏನು ಸೋರಿತು, ಯಾವಾಗ, ಅದರಿಂದ ನಿಮಗೆ ಏನಾಗಬಹುದು, ನೀವೇನು ಮಾಡಬೇಕು, ಯಾರನ್ನು ಕೇಳಬೇಕು. ಇಲ್ಲೊಂದು ತಮಾಷೆಯಿದೆ. ನಿಮ್ಮ ವಿವರ ಪಡೆಯಲು ಒಪ್ಪಿಗೆ ಕೇಳುವಾಗ ಆ ನೋಟಿಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಅವಕಾಶ ಕೊಡಬೇಕೆಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಅದೇ ವಿವರವನ್ನು ಕಳೆದುಕೊಂಡೆವು ಎಂದು ತಿಳಿಸುವ ಪತ್ರದ ಭಾಷೆಯ ಬಗ್ಗೆ ಹಾಗೆ ಹೇಳಿಲ್ಲ. ತೆಗೆದುಕೊಳ್ಳುವಾಗ ಕನ್ನಡ, ಕಳೆದಾಗ ಇಂಗ್ಲಿಷ್. ‘ಸರಳವಾಗಿ’ ಎಂಬ ಮಾತು ಇದೆಯಲ್ಲ, ಅದನ್ನೇ ಹಿಡಿಯಿರಿ. ಇಂಗ್ಲಿಷ್ ಓದಲು ಬಾರದ ಅಮ್ಮನಿಗೆ ಇಂಗ್ಲಿಷಿನ ಪತ್ರ ಯಾವ ಲೆಕ್ಕದಲ್ಲಿ ಸರಳ? ಮುಂದಿನ ಸಲ ಅಂಥ ಮೇಲ್ ಬಂದಾಗ ಕುಂದುಕೊರತೆ ಅಧಿಕಾರಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಕೇಳಿ. ಪಾಸ್‌ವರ್ಡ್ ಯಾವ ಬಗೆಯ ಹ್ಯಾಶ್‌ನಲ್ಲಿತ್ತು, ಹುಟ್ಟಿದ ದಿನಾಂಕ ಯಾಕೆ ಬೇಕಾಗಿತ್ತು, ಈಗಲಾದರೂ ಅದನ್ನು ಅಳಿಸಿದ್ದೀರಾ ಎಂದೂ ಕೇಳಿ. ಒಬ್ಬರು ಕೇಳಿದರೆ ಕಸದ ಬುಟ್ಟಿಗೆ ಹೋಗುತ್ತದೆ. ಎರಡು ಕೋಟಿಯಲ್ಲಿ ಎರಡು ಸಾವಿರ ಜನ ಕೇಳಿದರೂ ಯಾರೋ ಒಬ್ಬರು ಮೀಟಿಂಗ್ ಕರೆಯಲೇಬೇಕಾಗುತ್ತದೆ.

ಇದೇ ಊರಿನ ಗಾಜಿನ ಕಟ್ಟಡಗಳಲ್ಲಿ ಕೂತು ಇಂಥ ಸೇವೆಗಳ ಕೋಡ್ ಬರೆಯುವವರೂ ಈ ಪಟ್ಟಿಯಲ್ಲಿದ್ದೀರಿ, ನೀವೂ ತರಕಾರಿ ತರಿಸಿದವರೇ. ನಾನೂ ನಿಮ್ಮ ಕಸುಬಿನವನೇ ಆದ್ದರಿಂದ ಸಲಿಗೆಯಿಂದ ಹೇಳುತ್ತೇನೆ. ಸೈನ್ ಅಪ್ ಪುಟಕ್ಕೆ ಮಾರ್ಕೆಟಿಂಗ್‌ನವರು ಹುಟ್ಟಿದ ದಿನಾಂಕದ ಕಾಲಂ ಸೇರಿಸಿ ಎಂದಾಗ ಒಂದು ಸಲವಾದರೂ ‘ಯಾಕೆ’ ಎನ್ನಿ. ಹುಟ್ಟುಹಬ್ಬದ ಕೂಪನ್ನಿಗೆ ದಿನ, ತಿಂಗಳು ಸಾಕು, ಇಸವಿ ಬೇಡ. ಹದಿನೆಂಟು ತುಂಬಿದೆಯೇ ಎಂದಷ್ಟೇ ಗೊತ್ತಾಗಬೇಕಿದ್ದರೆ ಹೌದು-ಇಲ್ಲ ಎಂದು ಇಟ್ಟುಕೊಳ್ಳಿ. ತಲುಪಿಸಿಯಾದ ಆರ್ಡರಿನ ವಿಳಾಸ ಐದು ವರ್ಷ ಡೇಟಾಬೇಸಿನಲ್ಲಿ ಏನು ಮಾಡುತ್ತಿದೆ ಎಂದು ನೋಡಿ.

ಇಂತಿ,
ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಕೆಲಸಗಾರ

ಬರೆಯಲು ಮರೆತದ್ದು: ‘ಡಾರ್ಕ್ ವೆಬ್ಬಿನಿಂದ ನಿಮ್ಮ ಹೆಸರು ತೆಗೆಸಿಕೊಡುತ್ತೇವೆ, 999 ರೂಪಾಯಿ’ ಎಂದು ಯಾರಾದರೂ ಕರೆ ಮಾಡಿದರೆ ಕೊಡಬೇಡಿ. ಒಮ್ಮೆ ಹರಿದುಹೋದ ಕಡತದಿಂದ ಹೆಸರು ತೆಗೆಯಲು ಯಾರಿಂದಲೂ ಆಗುವುದಿಲ್ಲ. ಅವರಿಗೆ ನಿಮ್ಮ ನಂಬರ್ ಸಿಕ್ಕಿದ್ದೂ ಬಹುಶಃ ಅದೇ ಪಟ್ಟಿಯಿಂದ.